ಯೋಧ ಊರಿಗೆ ಬರುವ ದಿನ

ಕಾರ್ಗಿಲ್ ಯುದ್ಧಕ್ಕೆ ಮೊದಲು ಗಡಿಯಲ್ಲಿ ಸತ್ತ ಸಿಪಾಯಿಯ ದೇಹ ಊರಿಗೆ ಬರುವುದು ತೀರಾ ಅಪರೂಪವಾಗಿತ್ತು. ಬರುತ್ತಿದ್ದದ್ದು ತಂತಿ. ಅದನ್ನು ಓದಿ ಹೇಳಲು ಪೋಸ್ಟ್‌ಮ್ಯಾನ್‌ಗೆ ಬಾಯಿ ಬಾರದೆ, ಶಾಲೆಯ ಮಾಸ್ತರರನ್ನು ಕರೆಸುತ್ತಿದ್ದರು ಎಂದು ನಮ್ಮ ಕಡೆಯ ಹಿರಿಯರು ಹೇಳುತ್ತಾರೆ. ಕೆಲವು ವಾರ ಕಳೆದ ಮೇಲೆ ಅವನ ಕಪ್ಪು ಟ್ರಂಕು ರೈಲಿನಲ್ಲಿ ಬರುತ್ತಿತ್ತು. ಕೆಲವು ಮನೆಗಳಿಗೆ ಅಸ್ಥಿ ಬಂತು, ಹಲವು ಮನೆಗಳಿಗೆ ಅದೂ ಇಲ್ಲ. ಯುದ್ಧಭೂಮಿಯ ಹತ್ತಿರವೇ ಪಲ್ಟನ್ನಿನ ಜೊತೆಗಾರರು ಚಿತೆಗೆ ಬೆಂಕಿ ಕೊಟ್ಟು, ಸೆಲ್ಯೂಟ್ ಹೊಡೆದು, ಮತ್ತೆ ಮೋರ್ಚಾಕ್ಕೆ ಹೋಗುತ್ತಿದ್ದರು.

ಚೀನಾ ಯುದ್ಧದ ಹೊತ್ತಿನಲ್ಲಿ, 1962ರ ನವೆಂಬರ್ 18ರಂದು, ಲಡಾಖ್‌ನ ರೆಜಾಂಗ್ ಲಾದಲ್ಲಿ 13 ಕುಮಾವ್ ಬೆಟಾಲಿಯನ್ನಿನ ಒಂದು ಕಂಪನಿ ಹೆಚ್ಚುಕಡಿಮೆ ಪೂರ್ತಿಯಾಗಿ ಅಳಿದುಹೋಯಿತು. 114 ಜನ. ಅವರಿಗೆ ಏನಾಯಿತು ಎಂದು ಗೊತ್ತಾಗಿದ್ದು ಮರುವರ್ಷ ಫೆಬ್ರುವರಿಯಲ್ಲಿ, ಕುರಿ ಕಾಯುವವನೊಬ್ಬ ಆ ಗುಡ್ಡ ಹತ್ತಿದಾಗ. ಚಳಿಗೆ ದೇಹಗಳು ಹಾಗೆಯೇ ಹೆಪ್ಪುಗಟ್ಟಿದ್ದವು. ಕೆಲವರ ಕೈಯಲ್ಲಿ ಇನ್ನೂ ಬಂದೂಕು ಇತ್ತು. ಕಂಪನಿಯ ನಾಯಕ ಮೇಜರ್ ಶೈತಾನ್ ಸಿಂಗ್ ಅವರ ದೇಹವನ್ನು ಜೋಧಪುರಕ್ಕೆ ಕಳಿಸಿದರು. ಉಳಿದವರಿಗೆ ಚುಶೂಲ್‌ನಲ್ಲೇ ಸೇನಾ ಗೌರವದೊಂದಿಗೆ ಸಾಮೂಹಿಕ ಅಂತ್ಯಕ್ರಿಯೆ ಆಯಿತು. ಅವರಲ್ಲಿ ಬಹುತೇಕರು ಹರಿಯಾಣ ಕಡೆಯ ರೈತರ ಮಕ್ಕಳು. ಅವರ ಅವ್ವಂದಿರು ಆ ಬೆಂಕಿಯನ್ನು ನೋಡಲಿಲ್ಲ.

ನೋಡದೆ ಇರುವುದು ಎಂದರೆ ಏನು ಅನ್ನುವುದು ನನಗೆ ಗೊತ್ತಾಗಿದ್ದು ನಮ್ಮ ಓಣಿಯ ಒಬ್ಬ ಅಜ್ಜಿಯಿಂದ. 71ರ ಯುದ್ಧದಲ್ಲಿ ಗಂಡ ಹೋದ. ತಂತಿ ಬಂತು, ಟ್ರಂಕು ಬಂತು, ಪಿಂಚಣಿ ಶುರುವಾಯಿತು. ಆಕೆ ಎಲ್ಲ ಕಾಗದಕ್ಕೂ ಹೆಬ್ಬೆಟ್ಟು ಒತ್ತಿದಳು. ಆದರೂ ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ಖಾಕಿ ಕೈಚೀಲ ಹಿಡಿದ ಯಾರಾದರೂ ಇಳಿದರೆ ತಿರುಗಿ ನೋಡುವ ಚಾಳಿ ಆಕೆಗೆ ಮುಪ್ಪಿನವರೆಗೂ ಬಿಡಲಿಲ್ಲ. "ಮಾರಿ ನೋಡಿದ್ರ ಮನಸ್ಸು ಒಪ್ಪತೈತಿ, ನೋಡದ ಹ್ಯಾಂಗ ಒಪ್ಪಬೇಕು?" ಅನ್ನುತ್ತಿದ್ದಳು.

1999ರಲ್ಲಿ ಇದು ಬದಲಾಯಿತು. ಕಾರ್ಗಿಲ್‌ನಲ್ಲಿ ಮಡಿದವರ ದೇಹಗಳನ್ನು ಅವರವರ ಮನೆಗೆ ತಲುಪಿಸಬೇಕೆಂದು ತೀರ್ಮಾನವಾಯಿತು. ಸರ್ಕಾರಿ ಲೆಕ್ಕದಲ್ಲಿ ಆ ಯುದ್ಧದಲ್ಲಿ ಸತ್ತವರು 527. ಶ್ರೀನಗರದಿಂದ ದಿಲ್ಲಿಗೆ, ದಿಲ್ಲಿಯಿಂದ ರಾಜ್ಯ ರಾಜಧಾನಿಗಳಿಗೆ, ಅಲ್ಲಿಂದ ಮಿಲಿಟರಿ ಟ್ರಕ್ಕಿನಲ್ಲಿ ತಾಲ್ಲೂಕು ದಾಟಿ, ಡಾಂಬರು ಮುಗಿದು ಮಣ್ಣುದಾರಿ ಶುರುವಾಗುವ ಹಳ್ಳಿಗಳವರೆಗೆ ಆ ಪೆಟ್ಟಿಗೆಗಳು ಬಂದವು. ಅಲ್ಲಿಯವರೆಗೆ ಕಂಟೋನ್ಮೆಂಟಿನ ಬೇಲಿಯೊಳಗೆ ನಡೆಯುತ್ತಿದ್ದ ಕ್ರಮವೊಂದು ಗೌಡರ ಹೊಲದ ಬದುವಿಗೆ, ಪಂಚಾಯಿತಿ ಕಟ್ಟೆಗೆ, ಸರ್ಕಾರಿ ಶಾಲೆಯ ಬಯಲಿಗೆ ಬಂದಿತು. ನನ್ನ ಮಟ್ಟಿಗೆ ಆ ಯುದ್ಧ ನಮ್ಮ ಹಳ್ಳಿಗಳಲ್ಲಿ ಉಂಟುಮಾಡಿದ ಅತಿ ದೊಡ್ಡ ಬದಲಾವಣೆ ಇದೇ. ಸೇನೆ ತನ್ನವರಿಗಾಗಿ ಕಟ್ಟಿಕೊಂಡ ವಿಧಿ ಊರಿನ ವಿಧಿಯೂ ಆಯಿತು. ಆದರೆ ಅದನ್ನು ಹೇಗೆ ಬರಮಾಡಿಕೊಳ್ಳಬೇಕು ಎಂದು ಊರಿಗೆ ಯಾರೂ ಹೇಳಿಕೊಡಲಿಲ್ಲ.

ನಾನು ಬೆಳಗಾವಿ ಜಿಲ್ಲೆಯವನು. ಮರಾಠಾ ಲೈಟ್ ಇನ್‌ಫಂಟ್ರಿಯ ಕೇಂದ್ರ ಇರುವ ಜಿಲ್ಲೆ ಇದು. ಮಿಲಿಟರಿ ಸೇರದ ಮನೆತನ ಹುಡುಕುವುದು ಕಷ್ಟ ಅನ್ನುವಂಥ ಊರುಗಳು ನಮ್ಮಲ್ಲಿವೆ. ನಮ್ಮ ಕಾಕಾ ಅಲ್ಲಿಯೇ ತರಬೇತಿ ಪಡೆದು ಹವಾಲ್ದಾರರಾಗಿ ನಿವೃತ್ತರಾದವರು. ಸುತ್ತಲಿನ ಹಳ್ಳಿಗಳಿಗೆ ಹೀಗೆ ಯೋಧರು ಬಂದಾಗಲೆಲ್ಲ ಮಾಜಿ ಸೈನಿಕರ ಸಂಘದವರ ಜೊತೆ ಬೆರೆ ಟೋಪಿ ಹಾಕಿ, ಎದೆಗೆ ಪದಕ ಸಿಕ್ಕಿಸಿಕೊಂಡು ಹೋಗುತ್ತಾರೆ. ಜೊತೆಗೆ ನಾನೂ ಹೋಗಿದ್ದೇನೆ. ಈ ವಿಧಿಯ ಒಂದೊಂದು ಹೆಜ್ಜೆಯ ಅರ್ಥವನ್ನೂ ನಾನು ಕಲಿತದ್ದು ಅವರಿಂದ.

ಮೊದಲು ಪೆಟ್ಟಿಗೆಯ ಮೇಲಿನ ಬಾವುಟ. ಕೇಸರಿ ಪಟ್ಟಿ ತಲೆಯ ಕಡೆಗೇ ಇರಬೇಕು ಎಂದು ಧ್ವಜ ಸಂಹಿತೆ ಹೇಳುತ್ತದೆ. ಆ ಬಾವುಟವನ್ನು ಗುಂಡಿಗೆ ಇಳಿಸುವಂತಿಲ್ಲ, ಚಿತೆಯಲ್ಲಿ ಸುಡುವಂತಿಲ್ಲ. ಅದು ಅವನ ಜೊತೆ ಕೊನೆಯವರೆಗೆ ಬಂದು, ಕೊನೆಯ ಗಳಿಗೆಯಲ್ಲಿ ಅವನನ್ನು ಬಿಟ್ಟು ಮನೆಯವರ ಕೈ ಸೇರುತ್ತದೆ. ಪೆಟ್ಟಿಗೆಯ ಜೊತೆ ಅವನದೇ ಯೂನಿಟ್ಟಿನವರು ಇರುತ್ತಾರೆ. ಈ ಒಂದು ಸಂಗತಿ ಎಷ್ಟು ಮುಖ್ಯ ಎಂದು ಹೊರಗಿನವರಿಗೆ ಬೇಗ ಹೊಳೆಯುವುದಿಲ್ಲ. ಕಾಶ್ಮೀರದಲ್ಲಾದರೆ ಬಾದಾಮಿ ಬಾಗ್ ಕಂಟೋನ್ಮೆಂಟಿನಲ್ಲಿ ದೊಡ್ಡ ಅಧಿಕಾರಿಗಳು ಪುಷ್ಪಚಕ್ರ ಇಟ್ಟು ನಮಿಸುತ್ತಾರೆ, ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಮಂತ್ರಿಗಳು ಇಡುತ್ತಾರೆ. ಆದರೆ ಅವನ ಮನೆಯವರು ಕೇಳಬೇಕೆಂದಿರುವ ಪ್ರಶ್ನೆಗಳಿಗೆ ಉತ್ತರ ಗೊತ್ತಿರುವುದು ಆ ಟ್ರಕ್ಕಿನ ಹಿಂಬದಿಯಲ್ಲಿ ನಿದ್ದೆಗೆಟ್ಟು ಕೂತ ಹುಡುಗನಿಗೆ. ಕಡೆಯ ದಿನ ಊಟ ಮಾಡಿದ್ದನೇ? ನೋವು ತಿಂದನೇ? ನಮ್ಮ ಹೆಸರು ಹೇಳಿದನೇ? ನಾನು ಕಂಡಂತೆ, ಎಲ್ಲ ಮುಗಿದು ಜನ ಚದುರಿದ ಮೇಲೆ ಹೆಂಗಸರು ಆ ಹುಡುಗನನ್ನು ಒಳಗೆ ಕರೆದು, ಚಾಪೆ ಹಾಸಿ ಕೂರಿಸಿ, ನೀರು ಕೊಟ್ಟು, ಮೆಲ್ಲಗೆ ಇದನ್ನೇ ಕೇಳುತ್ತಾರೆ. ಅವನು ತನಗೆ ಬರುವ ಮುರುಕು ಹಿಂದಿಯಲ್ಲೋ ತಮಿಳು ಬೆರೆತ ಕನ್ನಡದಲ್ಲೋ ಉತ್ತರ ಹೇಳುತ್ತಾನೆ.

ಶವಸಂಸ್ಕಾರದ ಜಾಗದಲ್ಲಿ ಸೈನಿಕರು ಸಾಲಾಗಿ ನಿಂತು ಬಂದೂಕನ್ನು ತಲೆಕೆಳಗೆ ಹಿಡಿಯುತ್ತಾರೆ. "ಶೋಕ ಶಸ್ತ್ರ" ಅನ್ನುವ ಹುಕುಂ ಬಿದ್ದ ಕೂಡಲೇ ನಳಿಗೆ ನೆಲದ ಕಡೆ ತಿರುಗುತ್ತದೆ, ತಲೆ ಬಾಗುತ್ತದೆ. ಜೀವಮಾನವಿಡೀ ಬಂದೂಕಿನ ನಳಿಗೆಗೆ ಮಣ್ಣು ತಾಕಬಾರದು ಎಂದು ಕಲಿತವರು ಸತ್ತವನ ಮುಂದೆ ಮಾತ್ರ ಅದನ್ನು ನೆಲಕ್ಕೆ ತಿರುಗಿಸುತ್ತಾರೆ. ಆಮೇಲೆ ಮೂರು ಸುತ್ತು ಗುಂಡು. ನಮ್ಮ ಪತ್ರಿಕೆಗಳು ಕುಶಾಲತೋಪು ಎಂದು ಬರೆಯುತ್ತವೆ, ಆದರೆ ಅಲ್ಲಿ ತೋಪು ಇರುವುದಿಲ್ಲ. ಬಂದೂಕುಗಳು ಆಕಾಶಕ್ಕೆ ಮುಖ ಮಾಡಿ ಮೂರು ಸಲ ಒಟ್ಟಿಗೆ ಸಿಡಿಯುತ್ತವೆ. ಯೂರೋಪಿನ ಹಳೆಯ ಯುದ್ಧಗಳಲ್ಲಿ ಎರಡೂ ಕಡೆಯವರು ಕಾಳಗ ನಿಲ್ಲಿಸಿ ತಮ್ಮ ತಮ್ಮ ಹೆಣಗಳನ್ನು ಎತ್ತಿಕೊಳ್ಳುತ್ತಿದ್ದರಂತೆ. ಎತ್ತಿಕೊಂಡದ್ದಾಯಿತು ಎಂದು ತಿಳಿಸಲು ಮೂರು ಸಲ ಗುಂಡು ಹಾರಿಸುತ್ತಿದ್ದರಂತೆ. ಈ ಪದ್ಧತಿಯ ಮೂಲ ಅದು ಎಂದು ಸೇನೆಯವರು ಹೇಳುತ್ತಾರೆ.

ಕೊನೆಗೆ ಬ್ಯೂಗಲ್. "ಲಾಸ್ಟ್ ಪೋಸ್ಟ್" ಎಂಬ ಆ ಧಾಟಿ ಹುಟ್ಟಿದ್ದು ಸಾವಿಗಾಗಿ ಅಲ್ಲವೇ ಅಲ್ಲ. ಬ್ರಿಟಿಷ್ ಸೇನೆಯಲ್ಲಿ ಸಂಜೆ ಅಧಿಕಾರಿಯೊಬ್ಬ ಕಾವಲು ಠಾಣೆಗಳನ್ನು ಒಂದೊಂದಾಗಿ ನೋಡುತ್ತ ಬರುತ್ತಿದ್ದ. ಕಡೆಯ ಠಾಣೆ ನೋಡಿದ್ದಾಯಿತು, ಕಾವಲು ಸರಿಯಾಗಿದೆ, ಇನ್ನು ಮಲಗಬಹುದು ಎಂದು ತಿಳಿಸಲು ಅದನ್ನು ಊದುತ್ತಿದ್ದರು. ಅದೇ ಧಾಟಿಯನ್ನು ಸತ್ತ ಸಿಪಾಯಿಗೂ ಊದತೊಡಗಿದರು. ಆಮೇಲೆ ಮೌನ. ಮೌನದ ನಂತರ ಬೆಳಿಗ್ಗೆ ಸೈನಿಕರನ್ನು ಎಬ್ಬಿಸುವ ಇನ್ನೊಂದು ಧಾಟಿ. ನಿನ್ನ ಪಾಳಿ ಮುಗಿಯಿತು, ನಿನ್ನ ಜಾಗದಲ್ಲಿ ನಾವಿದ್ದೇವೆ ಎಂದು ಬಾಯಿಬಿಟ್ಟು ಹೇಳದೆ ಹೇಳುವ ಕ್ರಮ ಅದು. ಕಾಕಾ ಇದನ್ನು ನನಗೆ ವಿವರಿಸಿದ್ದು ಇಷ್ಟೇ ಮಾತಿನಲ್ಲಿ: "ಡ್ಯೂಟಿ ಬದಲಾತು ಅಂತ ಹೇಳೂದು, ತಮ್ಮಾ."

ಸವದತ್ತಿ ಕಡೆಯ ಒಂದು ಹಳ್ಳಿಯಲ್ಲಿ ಕಂಡದ್ದನ್ನು ಇಲ್ಲಿ ಬರೆಯಬೇಕು. ಊರ ಹೊರಗೆ ಜೋಳ ಕಿತ್ತ ಹೊಲ. ಕೂಳೆ ಇನ್ನೂ ಹಾಗೆಯೇ ಇತ್ತು. ಮೂರನೆಯ ಸುತ್ತು ಗುಂಡು ಮುಗಿದ ಮೇಲೆ ಬಂದೂಕಿನವರಲ್ಲಿ ಇಬ್ಬರು ಬಗ್ಗಿ, ಕೂಳೆಯ ನಡುವೆ ಬಿದ್ದ ಖಾಲಿ ಕಾಡತೂಸುಗಳನ್ನು ಆಯತೊಡಗಿದರು. ಅದಕ್ಕೆ ಲೆಕ್ಕ ಇರುತ್ತದೆ, ಎಲ್ಲವನ್ನೂ ವಾಪಸು ಒಪ್ಪಿಸಬೇಕು. ಏಳೆಂಟು ವರ್ಷದ ಒಬ್ಬ ಹುಡುಗ, ಸತ್ತವನ ಅಕ್ಕನ ಮಗ, ಒಂದನ್ನು ಎತ್ತಿ ಮುಷ್ಟಿಯಲ್ಲಿ ಅಡಗಿಸಿಕೊಂಡಿದ್ದ. ಆಯುವವರು ಎಣಿಸಿದರು, ಒಂದು ಕಡಿಮೆ. ಮತ್ತೆ ಎಣಿಸಿದರು. ಹುಡುಗ ತಾನಾಗಿಯೇ ಮುಂದೆ ಬಂದು ಕೈ ಬಿಚ್ಚಿದ. ಆ ಸಿಪಾಯಿ ಅದನ್ನು ತೆಗೆದುಕೊಳ್ಳುವ ಮುಂಚೆ ಹುಡುಗನ ಅಂಗೈಯನ್ನು ತನ್ನ ಎರಡೂ ಕೈಯಲ್ಲಿ ಒಂದು ಗಳಿಗೆ ಹಿಡಿದುಕೊಂಡ. ಇಬ್ಬರೂ ಏನೂ ಮಾತಾಡಲಿಲ್ಲ.

ಗುಂಡು ಹಾರಿಸುವ ಮೊದಲೇ ಬಾವುಟ ಮಡಚುವುದು ಮುಗಿದಿತ್ತು. ಅದರ ಮೇಲೆ ಜನ ಎಸೆದ ಚೆಂಡುಹೂವಿನ ಎಸಳು ತುಂಬಿದ್ದವು. ಇಬ್ಬರು ಯೋಧರು ಎರಡು ಕಡೆ ಹಿಡಿದು ಎತ್ತಿ, ಹೂವನ್ನು ದೇಹದ ಮೇಲೆಯೇ ಜಾರಲು ಬಿಟ್ಟರು. ಕೇಸರಿಯನ್ನೂ ಹಸಿರನ್ನೂ ಬಿಳಿಯ ಅಡಿಗೆ ಮಡಚಿ, ಆಮೇಲೆ ಎರಡೂ ತುದಿಯಿಂದ ಮಡಚುತ್ತ ಬಂದು, ಅಶೋಕ ಚಕ್ರ ಮಾತ್ರ ಮೇಲೆ ಕಾಣುವಂತೆ ಮಾಡಿದರು. ಅವಸರ ಇರಲಿಲ್ಲ. ಒಂದು ಮಡಿಕೆ ಸೊಟ್ಟ ಬಂದದ್ದನ್ನು ಬಿಚ್ಚಿ ಮತ್ತೆ ಮಡಚಿದರು. ಸುಬೇದಾರರು ಅದನ್ನು ಅಂಗೈಗಳ ಮೇಲೆ ಇಟ್ಟುಕೊಂಡು ತಾಯಿಯ ಮುಂದೆ ಮೊಣಕಾಲೂರಿದರು. ಅವರು ವಿಜಯಪುರದ ಕಡೆಯವರಂತೆ, ನಮ್ಮ ಮಾತೇ ಆಡುತ್ತಿದ್ದರು. ತಾಯಿ ತಟ್ಟನೆ ಕೈ ಚಾಚಲಿಲ್ಲ. ಸೆರಗಿನಿಂದ ಎರಡೂ ಕೈ ಒರೆಸಿಕೊಂಡಳು, ಆಮೇಲೆ ಒಡ್ಡಿದಳು.

"ಇದನ್ನ ದೇವರ ಜಗಲಿ ಮ್ಯಾಲ ಇಡಬಹುದೇನ್ರಿ ಸಾಹೇಬ್ರ?"

"ಇಡ್ರಿ ಯವ್ವಾ. ಅದು ನಿಮ್ದ."

ಬೆಳಿಗ್ಗೆಯಿಂದ ಆಕೆ ಆಡಿದ ಮೊದಲ ಪೂರ್ತಿ ಮಾತು ಅದು ಎಂದು ಪಕ್ಕದಲ್ಲಿದ್ದ ಹೆಂಗಸು ಆಮೇಲೆ ಹೇಳಿದಳು. ಅಷ್ಟು ಹೊತ್ತು ಆಕೆಯ ಮುಂದೆ ಎಷ್ಟು ಜನ ಬಂದು ಹೋಗಿದ್ದರು! ಎಷ್ಟು ಸಾಂತ್ವನದ ಮಾತು ಆಡಿದ್ದರು! ಯಾವುದಕ್ಕೂ ಆಕೆಯಿಂದ ಉತ್ತರ ಬಂದಿರಲಿಲ್ಲ. ಕೈಗೆ ಒಂದು ವಸ್ತು ಬಂದಾಗ, ಅದನ್ನು ಎಲ್ಲಿ ಇಡಬೇಕು ಎಂಬ ಪ್ರಶ್ನೆ ಎದ್ದಾಗ, ಮಾತು ಬಂತು. ಈ ವಿಧಿಯಲ್ಲಿ ನನಗೆ ಅತ್ಯಂತ ದೊಡ್ಡದಾಗಿ ಕಾಣುವುದು ಇದು. ಅದು ದುಃಖದ ಬಗ್ಗೆ ಏನನ್ನೂ ಹೇಳಹೋಗುವುದಿಲ್ಲ, ಮಾಡಬೇಕಾದ ಕೆಲಸವನ್ನು ಮಾತ್ರ ಒಂದಾದ ಮೇಲೊಂದು ಮುಂದಿಡುತ್ತದೆ. ಹೊರುವುದು, ನಿಲ್ಲುವುದು, ತಿರುಗುವುದು, ಮಡಚುವುದು, ಒಪ್ಪಿಸುವುದು. ಎದೆ ಒಡೆದ ಮನುಷ್ಯನಿಗೆ ಮುಂದಿನ ಹೆಜ್ಜೆ ಯಾವುದು ಎಂದು ಗೊತ್ತಿದ್ದರೆ ಸಾಕು, ಆ ಹೊತ್ತು ದಾಟುತ್ತದೆ.

ಊರಿನ ವಿಧಿಯೂ ಸೇನೆಯ ವಿಧಿಯೂ ಒಂದನ್ನೊಂದು ತಳ್ಳುವುದಿಲ್ಲ ಅನ್ನುವುದನ್ನೂ ನಾನು ಕಂಡಿದ್ದೇನೆ. ಬಾವುಟ ತೆಗೆದ ಮೇಲೆ ಸೈನಿಕರು ಹಿಂದೆ ಸರಿದು ನಿಲ್ಲುತ್ತಾರೆ. ಲಿಂಗಾಯತರ ಮನೆಯಾದರೆ ಅಯ್ಯನವರು ಮುಂದೆ ಬರುತ್ತಾರೆ, ವಿಭೂತಿ, ಬಿಲ್ವಪತ್ರೆ, ಕ್ರಿಯಾಸಮಾಧಿ. ಮುಸ್ಲಿಮರ ಮನೆಯಾದರೆ ಜನಾಜಾ ನಮಾಜು. ಸೇನೆಗೆ ಇದು ಹೊಸದಲ್ಲ. ಪಲ್ಟನ್ನುಗಳಲ್ಲಿ ಪಂಡಿತ, ಗ್ರಂಥಿ, ಮೌಲ್ವಿ, ಪಾದ್ರಿ ಎಲ್ಲರೂ ನೌಕರಿಯಲ್ಲಿದ್ದಾರೆ. ಕೊಡಗಿನಲ್ಲಂತೂ ಗುಂಡಿನ ಸದ್ದೇ ಮನೆತನದ ಭಾಷೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಒಂದರ ಹಿಂದೆ ಒಂದು ಎರಡು ಗುಂಡು ಹಾರಿಸಿ ಸುತ್ತಲಿನ ಮನೆಗಳಿಗೆ ತಿಳಿಸುವುದು ಕೊಡವರ ಪದ್ಧತಿ. ಸೇನೆಯ ಮೂರು ಸುತ್ತು ಅಂಥ ಕಾಫಿತೋಟದ ಇಳಿಜಾರಿನಲ್ಲಿ ಮೊಳಗಿದಾಗ ಅಲ್ಲಿನ ಹಿರಿಯರಿಗೆ ಅದು ಪರಕೀಯ ಅನಿಸಲಾರದು.

ಎಲ್ಲ ಕನ್ನಡಿಗರ ನೆನಪಿನಲ್ಲಿ ಉಳಿದಿರುವುದು 2016ರ ಫೆಬ್ರುವರಿ. ಸಿಯಾಚಿನ್‌ನಲ್ಲಿ ಸುಮಾರು 19,600 ಅಡಿ ಎತ್ತರದ ಸೋನಮ್ ಠಾಣೆಯ ಮೇಲೆ ಫೆಬ್ರುವರಿ 3ರಂದು ಹಿಮ ಕುಸಿದು 19 ಮದ್ರಾಸ್ ಬೆಟಾಲಿಯನ್ನಿನ ಠಾಣೆಯಲ್ಲಿದ್ದ ಹತ್ತು ಜನ ಹೂತುಹೋದರು. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನಗಳ ನಂತರ ಜೀವಂತವಾಗಿ ಸಿಕ್ಕರು. ಇಡೀ ರಾಜ್ಯ ದೇವರಿಗೆ ದೀಪ ಹಚ್ಚಿತು. ಫೆಬ್ರುವರಿ 11ರಂದು ದಿಲ್ಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಹುಬ್ಬಳ್ಳಿಯಲ್ಲಿ ಅಂತಿಮ ದರ್ಶನಕ್ಕೆ ಇಟ್ಟಾಗ ಸೇರಿದ ಜನಸಾಗರ, ಬೆಟದೂರಿನ ಮಣ್ಣಿನಲ್ಲಿ ಅವರನ್ನು ಇಳಿಸಿದ ಆ ಸಂಜೆ, ಟಿವಿಯಲ್ಲಿ ನೋಡಿದವರಿಗೂ ಮರೆಯುವುದಿಲ್ಲ. ಅವರ ಜೊತೆ ಅದೇ ಹಿಮದಡಿಯಲ್ಲಿ ಹಾಸನ ಮತ್ತು ಮೈಸೂರು ಜಿಲ್ಲೆಗಳ ಇಬ್ಬರು ಇದ್ದರು. ಹವಾಮಾನ ಕೆಟ್ಟಿದ್ದರಿಂದ ಉಳಿದವರ ದೇಹಗಳು ಊರು ತಲುಪಲು ಇನ್ನೂ ಕೆಲವು ದಿನ ಬೇಕಾಯಿತು. ಅಷ್ಟರಲ್ಲಿ ಕ್ಯಾಮೆರಾಗಳು ಕಡಿಮೆಯಾಗಿದ್ದವು. ಸೇನೆಯ ವಿಧಿ ಮಾತ್ರ ಒಂದಿಷ್ಟೂ ಕಡಿಮೆಯಾಗಲಿಲ್ಲ.

ಇದನ್ನು ನಾನು ಒತ್ತಿ ಹೇಳುತ್ತೇನೆ. ಶತ್ರುವಿನ ಗುಂಡಿಗೆ ಬಿದ್ದವನಿಗೂ ಹಿಮದಡಿ ಉಸಿರು ಕಟ್ಟಿದವನಿಗೂ ಪ್ರಪಾತಕ್ಕೆ ಉರುಳಿದ ಟ್ರಕ್ಕಿನ ಚಾಲಕನಿಗೂ ಅದೇ ಬಾವುಟ, ಅದೇ ಮೂರು ಸುತ್ತು, ಅದೇ ಬ್ಯೂಗಲ್. ಪರಿಹಾರದ ಮೊತ್ತದಲ್ಲಿ, ಪದಕದಲ್ಲಿ ವ್ಯತ್ಯಾಸ ಇರಬಹುದು. ಮಣ್ಣಿಗೆ ಇಳಿಯುವ ಹೊತ್ತಿನಲ್ಲಿ ಇಲ್ಲ. ಹೀರೋ ಆಗಿ ಸತ್ತನೇ ಎಂದು ಊರಿನವರು ಕೇಳುತ್ತಾರೆ, ಪಲ್ಟನ್ ಕೇಳುವುದಿಲ್ಲ.

ತಡವಾಗಿ ಬಂದವರೂ ಇದ್ದಾರೆ. 1984ರ ಮೇ ತಿಂಗಳಲ್ಲಿ ಸಿಯಾಚಿನ್‌ನ ಆಪರೇಷನ್ ಮೇಘದೂತ್‌ನಲ್ಲಿ ಕಣ್ಮರೆಯಾದ 19 ಕುಮಾವ್‌ನ ಲ್ಯಾನ್ಸ್ ನಾಯಕ್ ಚಂದ್ರಶೇಖರ್ ಹರ್ಬೋಲಾ ಅವರ ಅವಶೇಷ ಸಿಕ್ಕಿದ್ದು 2022ರ ಆಗಸ್ಟ್‌ನಲ್ಲಿ, 38 ವರ್ಷಗಳ ನಂತರ. ಸೇನಾ ಸಂಖ್ಯೆ ಕೊರೆದ ಲೋಹದ ಬಿಲ್ಲೆಯಿಂದ ಗುರುತು ಹಿಡಿದರು. ಹಲ್ದ್ವಾನಿಯಲ್ಲಿ ಪೂರ್ಣ ಗೌರವದ ಅಂತ್ಯಕ್ರಿಯೆ ನಡೆಯಿತು. ಅಪ್ಪ ಹೋದಾಗ ಪುಟ್ಟ ಮಕ್ಕಳಾಗಿದ್ದ ಹೆಣ್ಣುಮಕ್ಕಳು ಆಗ ನಡುವಯಸ್ಸಿನವರು. ಇನ್ನೂ ಹಿಂದಿನದು 1968ರ ಫೆಬ್ರುವರಿ 7ರಂದು ಚಂಡೀಗಢದಿಂದ ಲೇಹ್‌ಗೆ ಹೊರಟು 102 ಜನರೊಂದಿಗೆ ಕಾಣೆಯಾದ ವಾಯುಪಡೆಯ ಎಎನ್-12 ವಿಮಾನ. ಹಿಮಾಚಲದ ಹಿಮನದಿಯಲ್ಲಿ ಅದರ ಗುರುತು ಸಿಕ್ಕಿದ್ದು 2003ರಲ್ಲಿ. 2024ರಲ್ಲಿ ಅಲ್ಲಿ ಇನ್ನೂ ನಾಲ್ವರ ದೇಹಗಳು ಸಿಕ್ಕವು. ಅವರಲ್ಲಿ ಒಬ್ಬರು ಕೇರಳದ ಥಾಮಸ್ ಚೆರಿಯನ್, ವಿಮಾನ ಹತ್ತಿದಾಗ 22ರ ಹುಡುಗ. 56 ವರ್ಷಗಳ ನಂತರ ಎಲಂತೂರಿನ ಇಗರ್ಜಿಯಲ್ಲಿ ಸೇನಾ ಗೌರವದೊಂದಿಗೆ ಅವರನ್ನು ಮಣ್ಣು ಮಾಡಿದರು. ಅವರನ್ನು ಕಂಡೇ ಇರದ ಮೊಮ್ಮಕ್ಕಳ ತಲೆಮಾರು ಸುತ್ತ ನಿಂತಿತ್ತು. ಅಷ್ಟು ವರ್ಷ ಕಳೆದ ಮೇಲೆ ಇದೆಲ್ಲ ಯಾಕೆ ಎಂದು ಕೇಳುವವರಿಗೆ ನಮ್ಮ ಓಣಿಯ ಅಜ್ಜಿಯ ಮಾತೇ ನನ್ನ ಉತ್ತರ.

ಬರದೇ ಉಳಿದವರಲ್ಲಿ ನನ್ನನ್ನು ಬಹಳ ಕಾಡುವವರು ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟ ಪಡೆಯಲ್ಲಿ ಅವರು ಕಾಯ್ದಿರಿಸಿದ ಪೈಲಟ್ ಆಗಿದ್ದರು. ಹಳೆಯ ಮಿಸ್ಟೇರ್ ವಿಮಾನದಲ್ಲಿ ಕೂತು, ಅದಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ಅನ್ನು ಹೊಡೆದುರುಳಿಸಿದರು, ತಾವೂ ಮರಳಲಿಲ್ಲ. ಅಲ್ಲಿ ನಿಜವಾಗಿ ಏನಾಯಿತು ಎಂಬುದು ನಮ್ಮ ವಾಯುಪಡೆಗೆ ವರ್ಷಗಟ್ಟಲೆ ಗೊತ್ತಿರಲಿಲ್ಲ. ಮರಣೋತ್ತರ ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷ ತಡವಾಗಿ. ದೇಹವನ್ನು ಅಲ್ಲಿನ ಹಳ್ಳಿಯವರೇ ಮಣ್ಣು ಮಾಡಿದ್ದರು. ವೈರಿ ದೇಶದ ಒಬ್ಬ ಪೈಲಟ್ಟಿಗೆ ಅಲ್ಲಿನ ರೈತರು ಗುಂಡಿ ತೋಡಿದರಲ್ಲ, ಅದನ್ನೂ ನಾನು ಗೌರವ ಎಂದೇ ಎಣಿಸುತ್ತೇನೆ. ಕಾರ್ಗಿಲ್‌ನಲ್ಲಿ ನಮ್ಮವರು ಇದನ್ನೇ ಮಾಡಿದರು. ಪಾಕಿಸ್ತಾನ ತನ್ನವರೆಂದು ಒಪ್ಪಿಕೊಳ್ಳದ ಸೈನಿಕರನ್ನು ಅವರ ಧರ್ಮದಂತೆ, ಅವರ ದೇಶದ ಬಾವುಟ ಹೊದಿಸಿ ಮಣ್ಣು ಮಾಡಿದರು. ಟೈಗರ್ ಹಿಲ್‌ನಲ್ಲಿ ಸತ್ತ ಪಾಕಿಸ್ತಾನದ ಕ್ಯಾಪ್ಟನ್ ಕರ್ನಲ್ ಶೇರ್ ಖಾನ್ (ಕರ್ನಲ್ ಅನ್ನುವುದು ಹುದ್ದೆಯಲ್ಲ, ಅವರ ಹೆಸರೇ) ಅವರ ಜೇಬಿನಲ್ಲಿ, ಈ ಅಧಿಕಾರಿ ಅಪ್ರತಿಮವಾಗಿ ಹೋರಾಡಿದ್ದಾನೆ ಎಂದು ನಮ್ಮ ಬ್ರಿಗೇಡಿಯರ್ ಬಾಜ್ವಾ ಚೀಟಿ ಬರೆದಿಟ್ಟು ದೇಹ ಕಳಿಸಿಕೊಟ್ಟರು. ಮುಂದೆ ಆತನಿಗೆ ಅಲ್ಲಿನ ಅತ್ಯುನ್ನತ ಶೌರ್ಯ ಪದಕ ಬಂತು.

ಕನ್ನಡ ನಾಡಿಗೆ ಮಡಿದವರನ್ನು ನೆನೆಯುವುದನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ವೀರಗಲ್ಲು ಇಲ್ಲದ ಹಳೆಯ ಊರು ನಮ್ಮಲ್ಲಿ ಎಷ್ಟಿದೆ? ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕೂತ ವೀರ. ಬೆಂಗಳೂರು ಎಂಬ ಹೆಸರು ಮೊದಲು ಕಾಣಿಸುವುದೇ ಬೇಗೂರಿನ ಅಂಥ ಒಂದು ಕಲ್ಲಿನಲ್ಲಿ, ಸುಮಾರು ಕ್ರಿ.ಶ. 890ರದು, "ಬೆಂಗಳೂರು ಕಾಳಗ"ದಲ್ಲಿ ಸತ್ತವನ ನೆನಪಿಗೆ. ಕಲ್ಲು ನಿಲ್ಲಿಸಿ ಸುಮ್ಮನಾಗುತ್ತಿರಲಿಲ್ಲ. ಸತ್ತವನ ಮನೆಯವರಿಗೆ ಭೂಮಿ ಕೊಡುತ್ತಿದ್ದರು, ಅದಕ್ಕೆ ನೆತ್ತರುಗೊಡಗೆ ಎಂದು ಹೆಸರು. ಚೆಲ್ಲಿದ ನೆತ್ತರಿಗೆ ಊರು ಕೊಡುವ ಭೂಮಿ. ಸಾವಿರ ವರ್ಷದ ಹಿಂದಿನ ಆ ಜನ ಕಲ್ಲನ್ನೂ ಹೊಲವನ್ನೂ ಒಟ್ಟಿಗೇ ಯೋಚಿಸಿದ್ದರು. ಇತ್ತೀಚಿನದಕ್ಕೆ ಬಂದರೆ, 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ನಗರವನ್ನು ಈಟಿ ಹಿಡಿದು ಕುದುರೆ ಏರಿ ಗೆದ್ದವರಲ್ಲಿ ಮೈಸೂರು ಲ್ಯಾನ್ಸರ್ಸ್ ಇದ್ದರು. ಅವರ ನೆನಪಿನ ಸ್ತಂಭ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ಸೇನೆ ಆ ದಿನವನ್ನು ಹೈಫಾ ದಿನವಾಗಿ ಆಚರಿಸುತ್ತದೆ. ಬೆಂಗಳೂರಿನವರಲ್ಲಿ ಅದನ್ನು ನಿಂತು ಓದಿದವರು ಎಷ್ಟು ಮಂದಿಯೋ.

ಈಗ ನನ್ನ ಸಿಟ್ಟಿನ ಮಾತು. ದೇಹ ಊರಿಗೆ ಬರುವಾಗ ಸೇರುವ ಜನರಲ್ಲಿ ಪ್ರೀತಿ ಇರುತ್ತದೆ, ನಿಜ. ಶಾಲೆಯ ಮಕ್ಕಳು ರಸ್ತೆಯ ಎರಡೂ ಬದಿ ಬಿಸಿಲಲ್ಲಿ ನಿಲ್ಲುತ್ತಾರೆ, ಅಂಗಡಿಗಳು ತಾವಾಗಿಯೇ ಬಾಗಿಲು ಹಾಕುತ್ತವೆ, ಪರಿಚಯವೇ ಇಲ್ಲದ ಹೆಂಗಸರು ಆರತಿ ಹಿಡಿದು ಬಂದು ಅಳುತ್ತಾರೆ. ಅದಕ್ಕೆ ಕೈ ಮುಗಿಯುತ್ತೇನೆ. ಆದರೆ ನಾನು ಇದ್ದ ಒಂದು ಕಡೆ ದೊಡ್ಡವರೊಬ್ಬರು ಬರುವುದು ತಡವಾಗಿ, ಮನೆಯವರನ್ನು ಬಿಸಿಲಲ್ಲಿ ಬಹಳ ಹೊತ್ತು ಕಾಯಿಸಿದರು. ಇನ್ನೊಂದು ಕಡೆ ಗರ್ಭಿಣಿ ಹೆಂಡತಿಯ ಬಾಯಿಗೆ ಮೈಕು ಹಿಡಿದು "ಈಗ ಹೇಗನಿಸುತ್ತಿದೆ" ಎಂದು ಕೇಳಿದರು. ಪೆಟ್ಟಿಗೆಯ ಪಕ್ಕ ನಿಂತು ಸೆಲ್ಫಿ ತೆಗೆದ ಹುಡುಗನನ್ನು ಕಾಕಾ ಹೆಗಲು ಹಿಡಿದು ಹೊರಗೆ ಕಳಿಸಿದರು. ಬ್ಯೂಗಲ್ ಊದುವಾಗ ಘೋಷಣೆ ಕೂಗುವವರು ಎಲ್ಲ ಕಡೆ ಇರುತ್ತಾರೆ. ಅಭಿಮಾನದಿಂದಲೇ ಕೂಗುತ್ತಾರೆ, ಒಪ್ಪುತ್ತೇನೆ. ಆದರೆ ಆ ಧಾಟಿ ಇರುವುದೇ ಸುಮ್ಮನಿದ್ದು ಕೇಳುವುದಕ್ಕೆ. ಸೇನೆಯವರು ಊರಿನವರನ್ನು ಗದರಿಸುವುದಿಲ್ಲ, ಗದರಿಸಲೂಬಾರದು. ಆ ಕೆಲಸ ಊರ ಹಿರಿಯರದು. ಬೈಕು ರ್‍ಯಾಲಿ, ಡಿಜೆ, ಫ್ಲೆಕ್ಸ್‌ನಲ್ಲಿ ಯೋಧನ ಮುಖಕ್ಕಿಂತ ದೊಡ್ಡದಾಗಿ ಶುಭ ಕೋರುವವರ ಮುಖ, ಇವೆಲ್ಲ ಬೇಡ ಎಂದು ಹೇಳುವ ಧೈರ್ಯ ಪಂಚಾಯಿತಿಗೆ ಇರಬೇಕು. ಬ್ಯೂಗಲ್ ಶುರುವಾದಾಗಿನಿಂದ ಮುಗಿಯುವವರೆಗೆ ಇಡೀ ಊರು ಬಾಯಿ ಮುಚ್ಚಿ ನಿಂತರೆ ಅದಕ್ಕಿಂತ ದೊಡ್ಡ ಮೆರವಣಿಗೆ ಬೇಕಿಲ್ಲ.

ಆಮೇಲಿನ ದಿನಗಳ ಬಗ್ಗೆ ಜನ ಮಾತಾಡುವುದು ಕಡಿಮೆ. ಟ್ರಂಕು ಈಗಲೂ ಬರುತ್ತದೆ, ದೇಹ ಬಂದ ಎಷ್ಟೋ ದಿನಗಳ ನಂತರ. ಯೂನಿಟ್ಟಿನಲ್ಲಿ ಒಂದು ಸಮಿತಿ ಕೂತು ಅವನ ಸಾಮಾನನ್ನೆಲ್ಲ ಪಟ್ಟಿ ಮಾಡಿ ಕಳಿಸುತ್ತದೆ. ಸವದತ್ತಿ ಕಡೆಯ ಆ ಮನೆಗೆ ಟ್ರಂಕು ಬಂದಾಗ ಪಟ್ಟಿ ಓದಿ ಹೇಳಲು ಕಾಕಾನನ್ನು ಕರೆದಿದ್ದರು. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ನಂಬರು, ರ್‍ಯಾಂಕು, ಹೆಸರು. ಒಳಗೆ ಇಸ್ತ್ರಿ ಮಾಡಿದ ಒಂದು ಜೊತೆ ಯೂನಿಫಾರ್ಮು, ಶೇವಿಂಗ್ ಸಾಮಾನು, ಎಲ್ಲಮ್ಮನ ಫೋಟೊ, ತಂಗಿಯ ಮದುವೆಗೆಂದು ಕೊಂಡಿದ್ದ ಇನ್ನೂ ಪ್ಲಾಸ್ಟಿಕ್ ಬಿಚ್ಚದ ಸೀರೆ. ಪಟ್ಟಿಯಲ್ಲಿ ಬರೆದದ್ದು "ಸೀರೆ, ಹೊಸತು, ಒಂದು" ಎಂದು ಮಾತ್ರ. ದೇಹ ಬಂದ ದಿನ ಸಾವಿರಾರು ಜನರಿದ್ದರು. ಟ್ರಂಕು ಬಿಚ್ಚಿದ ದಿನ ಮನೆಯವರು ಮತ್ತು ಕಾಕಾ. ಆವತ್ತು ಅಲ್ಲಿ ಬ್ಯೂಗಲ್ ಇರಲಿಲ್ಲ, ಮುಂದಿನ ಹೆಜ್ಜೆ ಯಾವುದು ಎಂದು ಹೇಳುವ ಯಾರೂ ಇರಲಿಲ್ಲ. ಊರು ಹೋಗಬೇಕಾದದ್ದು ಆ ದಿನ ಎಂದು ನನಗೆ ಅನಿಸುತ್ತದೆ.

ದಿಲ್ಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ ಇದಕ್ಕೆ ಒಂದು ಒಳ್ಳೆಯ ಪದ್ಧತಿ ಕಂಡುಕೊಂಡಿದ್ದಾರೆ. 2019ರ ಫೆಬ್ರುವರಿ 25ರಂದು ಉದ್ಘಾಟನೆಯಾದ ಆ ಜಾಗದಲ್ಲಿ ಆಗಲೇ 25,942 ಹೆಸರುಗಳಿದ್ದವು. ಒಂದೊಂದು ಗ್ರಾನೈಟ್ ಇಟ್ಟಿಗೆಯ ಮೇಲೆ ಒಬ್ಬನ ಹೆಸರು, ರ್‍ಯಾಂಕು, ಪಲ್ಟನ್. ಸ್ವಾತಂತ್ರ್ಯದ ನಂತರ ಮಡಿದವರಿಗೆಲ್ಲ ಒಂದೇ ಕಡೆ ಹೆಸರು ಬರೆಯಲು ಈ ದೇಶಕ್ಕೆ 70 ವರ್ಷಕ್ಕೂ ಹೆಚ್ಚು ಬೇಕಾಯಿತು. ಅಲ್ಲಿಯವರೆಗೆ ನಾವು ನಮಿಸುತ್ತಿದ್ದದ್ದು ಮೊದಲ ಮಹಾಯುದ್ಧ ಮತ್ತು ಆ ಕಾಲದ ಹೋರಾಟಗಳಲ್ಲಿ ಸತ್ತವರಿಗೆ ಬ್ರಿಟಿಷರು ಕಟ್ಟಿದ ಇಂಡಿಯಾ ಗೇಟ್‌ನ ಕೆಳಗೆ, 1972ರಲ್ಲಿ ಹಚ್ಚಿದ ಅಮರ್ ಜವಾನ್ ಜ್ಯೋತಿಗೆ. 2022ರ ಜನವರಿಯಲ್ಲಿ ಆ ಜ್ಯೋತಿಯನ್ನು ಹೊಸ ಸ್ಮಾರಕದ ಜ್ಯೋತಿಯೊಂದಿಗೆ ಸೇರಿಸಿದಾಗ ಹಲವು ಹಳೆಯ ಸೈನಿಕರಿಗೆ ನೋವಾಯಿತು, ಹಲವರಿಗೆ ಸರಿ ಅನಿಸಿತು. ನನಗೆ ಹೆಸರಿರುವ ಕಡೆಗೇ ಬೆಂಕಿ ಇರುವುದು ಸರಿ ಅನಿಸುತ್ತದೆ. ನಾನು ಹೇಳಹೊರಟ ಪದ್ಧತಿ ಬೇರೆ. ಅಲ್ಲಿ ಪ್ರತಿ ಸಂಜೆ ಮಡಿದ ಯೋಧನೊಬ್ಬನ ಮನೆಯವರನ್ನು ಕರೆಸಿ, ಅವರ ಕೈಯಿಂದ ಪುಷ್ಪಚಕ್ರ ಇಡಿಸುತ್ತಾರೆ. ಮಂತ್ರಿಗಳು, ಜನರಲ್‌ಗಳು ಬಾರದ ಮಾಮೂಲಿ ದಿನಗಳಲ್ಲೂ ಅದು ನಡೆಯುತ್ತದೆ.

ಸವದತ್ತಿ ಕಡೆಯ ಆ ಮನೆಯ ತಾಯಿ ದಿಲ್ಲಿ ನೋಡಿಲ್ಲ. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಜಿಲ್ಲಾ ಕಚೇರಿಗೆ ಮತ್ತು ಮಗನ ರೆಜಿಮೆಂಟಿಗೆ ಕಾಕಾ ಅರ್ಜಿ ಬರೆದುಕೊಟ್ಟಿದ್ದಾರೆ, ಆಕೆಯನ್ನೂ ಒಂದು ಸಂಜೆಗೆ ಕರೆಸಿ ಎಂದು. ಅರ್ಜಿಯ ನಕಲು ನನ್ನ ಹತ್ತಿರ ಇದೆ. ಸಂಗಡ ಯಾರು ಹೋಗಬೇಕು ಎಂಬ ಜಾಗದಲ್ಲಿ ಆಕೆ ಬರೆಸಿರುವುದು ಮಗಳ ಮತ್ತು ಆ ಕಾಡತೂಸಿನ ಹುಡುಗನ ಹೆಸರು. ಹುಡುಗನಿಗೆ ಶಾಲೆ ತಪ್ಪಬಾರದು, ಹಾಗಾಗಿ ಬೇಸಿಗೆ ರಜೆಯಲ್ಲಿ ಕೊಡಿ ಎಂದೂ ಸೇರಿಸಿದ್ದಾಳೆ.